ಸೇಡಿಗೆ ಕಲಿತ ಇಂಗ್ಲಿಷ್

ಸೋಮವಾರದ ಮೀಟಿಂಗಿನಲ್ಲಿ ತನ್ನದೇ ದನಿ ಸ್ಪೀಕರಿನಿಂದ ಹೊರಬಿದ್ದಾಗ ವಿಜೇತಾಳಿಗೆ ಮೊದಲು ಗುರುತೇ ಸಿಗಲಿಲ್ಲ.

"ಕ್ಯಾಪ್ಟನ್ ಸರ್, ಫಸ್ಟ್ ಯು ಈಟ್. ಆಫ್ಟರ್ ಯು ಶೌಟ್."

ಮೇಜಿನ ಸುತ್ತ ಕೂತವರೆಲ್ಲ ಗೊಳ್ಳೆಂದರು. ಡಾಕ್ಯುಮೆಂಟ್ಸ್ ವಿಭಾಗದ ಅನ್ಸಾರ್ ಅಂತೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

ಕೊಡಿಯಾಲ್‌ಬೈಲಿನ ಆ ಶಿಪ್ಪಿಂಗ್ ಏಜೆನ್ಸಿಯಲ್ಲಿ ಫೋನ್ ಎತ್ತುವ ಕೆಲಸ ಅವಳದು. ಪಣಂಬೂರು ಬಂದರಿಗೆ ಬರುವ ಹಡಗುಗಳಿಗೆ ನೀರು, ದಿನಸಿ, ಡಾಕ್ಟರು, ಏನು ಬೇಕಾದರೂ ಒದಗಿಸುವ ಆಫೀಸು. ಹಿಂದಿನ ವಾರ ಹಡಗಿಗೆ ನೀರು ಸಾಗಿಸುವ ದೋಣಿ, ಬಾರ್ಜ್, ತಡವಾಯಿತೆಂದು ಯಾವುದೋ ದೇಶದ ಕ್ಯಾಪ್ಟನ್ ಫೋನಿನಲ್ಲಿ ಕಿರುಚಾಡಿದ್ದ. ಅವಳಿಗೆ ತೋಚಿದ್ದು ಒಂದೇ. ಅವಳ ಊರು ಬೆಂಗ್ರೆಯಲ್ಲಿ ಯಾರು ಸಿಟ್ಟು ಹೊತ್ತು ಬಂದರೂ ಮೊದಲು ಊಟ ಆಯ್ತಾ ಎಂದು ಕೇಳುತ್ತಾರೆ. ಜಗಳ ಏನಿದ್ದರೂ ಹೊಟ್ಟೆ ತುಂಬಿದ ಮೇಲೆ. ಅದನ್ನೇ ಗೊತ್ತಿದ್ದ ಇಂಗ್ಲಿಷಿನಲ್ಲಿ ಹೇಳಿದ್ದಳು. ಕರೆಗಳೆಲ್ಲ ರೆಕಾರ್ಡ್ ಆಗುತ್ತವೆಂದು ಗೊತ್ತಿತ್ತು. ಯಾರಾದರೂ ಹುಡುಕಿ ತೆಗೆದು ಎಲ್ಲರೆದುರು ಹಾಕುತ್ತಾರೆಂದು ಮಾತ್ರ ಗೊತ್ತಿರಲಿಲ್ಲ.

ಹಾಕಿದವನು ಅಕ್ಷಿತ್. ಹಡಗಿನವರ ಜೊತೆ ವ್ಯವಹಾರವೆಲ್ಲ ಅವನದು. ಮಣ್ಣಗುಡ್ಡದ ಹುಡುಗ, ಇಸ್ತ್ರಿ ಮುರಿಯದ ಶರ್ಟು, ಬೆಣ್ಣೆಯಂಥ ಇಂಗ್ಲಿಷು. ನಗು ಎದ್ದಾಗ ಅವನು ಕ್ಲಿಪ್ ನಿಲ್ಲಿಸಿ, ಏನೋ ಹೇಳುವವನಂತೆ ಬಾಯಿ ತೆರೆದ. ಹೇಳಲಿಲ್ಲ. ಮುಗುಳ್ನಕ್ಕ.

ಆ ಮುಗುಳ್ನಗೆ ವಿಜೇತಾಳ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ನಿಂತಿತು. ನುಂಗಿದರೆ ಇಳಿಯದು, ಕೆಮ್ಮಿದರೆ ಬಾರದು.

ಅಂದಿನಿಂದ ಆಫೀಸಿನಲ್ಲಿ ಅವಳ ಹೆಸರು 'ಫಸ್ಟ್ ಈಟ್' ಎಂದಾಯಿತು.

"ಬಿಡು ಮಾರಾಯ್ತಿ, ನಾಳೆ ಮರೀತಾರೆ," ಎಂದಳು ಅಕೌಂಟ್ಸಿನ ಮೆರ್ಲಿನ್, ಬುತ್ತಿ ಬಿಚ್ಚುತ್ತ.

"ಅವರು ಮರೀಬಹುದು. ನಾನು ಮರೀಲಿಕ್ಕಿಲ್ಲ. ಅವನನ್ನು ಎಲ್ಲರೆದುರು ನಿಲ್ಲಿಸ್ತೇನೆ. ಅವನದೇ ಇಂಗ್ಲಿಷಲ್ಲಿ ಕೇಳ್ತೇನೆ. ಅವನು ಬಾಯಿ ಮುಚ್ಚಿ ನಿಲ್ಬೇಕು, ಎಲ್ಲರೂ ನಗ್ಬೇಕು. ಅಷ್ಟೇ ನನಗೆ ಬೇಕಾದ್ದು."

"ಅದಕ್ಕೆ ಮೊದಲು ಇಂಗ್ಲಿಷ್ ಬರ್ಬೇಕಲ್ಲ?"

"ಕ್ಲಾಸಿಗೆ ಹೋಗ್ಲಿಕ್ಕೆ ಪುರುಸೊತ್ತಿಲ್ಲ."

"ಕ್ಲಾಸ್ ಎಂತಕ್ಕೆ? ಮೊಬೈಲಲ್ಲಿ ಫ್ರೀ ಎಷ್ಟುಂಟು! ನಮ್ಮ ಲೂರ್ಡ್ಸ್ ಆಂಟಿ ಅದನ್ನೇ ನೋಡಿ ನೋಡಿ ಈಗ ದುಬೈಯ ಸೊಸೆಗೆ ಇಂಗ್ಲಿಷಲ್ಲೇ ಜೋರು ಮಾಡ್ತಾರೆ."

ಆ ಮಾತು ವಿಜೇತಾಳಿಗೆ ಬಹಳ ಹಿಡಿಸಿತು.

ಮರುದಿನದಿಂದ ದೋಣಿಯೇ ಅವಳ ಶಾಲೆ. ಬೆಂಗ್ರೆಯಿಂದ ಹೊಳೆಯಾಚೆಯ ದೋಣಿಕಟ್ಟೆ ಧಕ್ಕೆಗೆ ದಾಟಿಸುವ ಫೆರಿಯಲ್ಲಿ ಒಂದು ಮೂಲೆ ಹಿಡಿದು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಕೂತುಬಿಡುತ್ತಿದ್ದಳು. ಮೊದಲು ಒಂದು ಆ್ಯಪ್. ಅದು ಪ್ರತಿದಿನ ಸೇಬು ತಿನ್ನುವ ಹುಡುಗನ ಬಗ್ಗೆಯೇ ಕೇಳುತ್ತಿತ್ತು. ಸೇಡಿಗೆ ಸೇಬು ಯಾಕೆ? ಆಮೇಲೆ ಯೂಟ್ಯೂಬಿನ ಪಾಠಗಳು, ಶಬ್ದ ಒತ್ತಿದರೆ ಉಚ್ಚರಿಸಿ ತೋರಿಸುವ ಡಿಕ್ಷನರಿ, ಪುಕ್ಕಟೆ ಕೇಳಲು ಸಿಗುವ ಕಥೆಗಳು. ಒಬ್ಬ ಟೀಚರಮ್ಮ ಹೇಳಿದ ಉಪಾಯ ಮನಸ್ಸಿಗೆ ನಾಟಿತು: ಯಾರ ಹಾಗೆ ಮಾತಾಡಬೇಕೆಂದು ಆಸೆಯೋ ಅವರ ದನಿಯ ನೆರಳಾಗಿ. ಅವರು ಹೇಳಿದ್ದನ್ನು ಅವರ ಬೆನ್ನಿಗೇ ಹೇಳಿ. ಅವರು ಏರಿದಲ್ಲಿ ಏರಿ, ನಿಂತಲ್ಲಿ ನಿಲ್ಲಿ, ಉಸಿರೆಳೆದಲ್ಲಿ ಉಸಿರೆಳೆಯಿರಿ.

ಯಾರ ದನಿ? ವಿಜೇತಾ ಒಂದು ಕ್ಷಣವೂ ಯೋಚಿಸಲಿಲ್ಲ. ಅಕ್ಷಿತನಿಗೊಂದು ಪುಟ್ಟ ಚಾನೆಲ್ ಇತ್ತು. ಬಂದರಿಗೆ ಬರುವ ಹಡಗುಗಳ ಕಥೆಯನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದ. ನೋಡುವವರು ಬೆರಳೆಣಿಕೆ. ಅವನ ಬಾಯಿಂದಲೇ ಕಲಿತು ಅವನ ಬಾಯಿಯನ್ನೇ ಕಟ್ಟಬೇಕು. ಇದಕ್ಕಿಂತ ರುಚಿಯಾದ ಸೇಡು ಯಾವುದುಂಟು?

ಹೀಗೆ ಮಳೆಗಾಲ ಕಳೆಯಿತು. ಅವನ ದನಿ ನಿಧಾನಕ್ಕೆ ಓಡುವಂತೆ ಮಾಡಿ, ಹಿಂದಕ್ಕೆ ಎಳೆದೆಳೆದು ಕೇಳುತ್ತಿದ್ದಳು. ಅವನು ಬರ್ತ್, ಬಾರ್ಜ್, ಬೋಟ್ ಎನ್ನುವ ಮುಂಚೆ ಚೂರು ನಿಲ್ಲುತ್ತಿದ್ದ, ಮೆಟ್ಟಿಲಿಳಿಯುವ ಮುನ್ನ ಸೀರೆ ಎತ್ತಿಕೊಳ್ಳುವವರ ಹಾಗೆ. ಎಂಥ ಸ್ಟೈಲು! ಅವಳೂ ನಿಂತಳು. ಯಾವ ಮಾತಿಗೆ ಅವನ ದನಿ ಒದ್ದೆಯಾಗುತ್ತದೆ, ಯಾವ ನಗೆಯನ್ನು ಮೂಗಲ್ಲೇ ತಡೆಯುತ್ತಾನೆ, ಎಲ್ಲವೂ ಅವಳಿಗೆ ಬಾಯಿಪಾಠ. ಒಮ್ಮೆ ಅವನು ಊರಿಗೆ ಹೋಗದೆ ಹಡಗಿನಲ್ಲೇ ಉಳಿದ ಮುದಿ ಅಡುಗೆಯವನ ಕಥೆ ಹೇಳುತ್ತಿದ್ದಾಗ ಅವಳು ನೆರಳಾಗುವುದನ್ನೇ ಮರೆತು ಸುಮ್ಮನೆ ಕೇಳುತ್ತ ಕೂತುಬಿಟ್ಟಳು. ದೋಣಿ ದಡ ಮುಟ್ಟಿ ಎಲ್ಲರೂ ಇಳಿದದ್ದೂ ತಿಳಿಯಲಿಲ್ಲ.

ಛೀ, ಎಂದು ತನ್ನನ್ನೇ ಬೈದುಕೊಂಡಳು. ಶತ್ರುವಿನ ದನಿಗೆ ಯಾರಾದರೂ ಕಣ್ಣು ಒರೆಸಿಕೊಳ್ಳುತ್ತಾರಾ?

"ಯಾರನ್ನು ಬೈಯುವುದು ಮಗಾ?" ಎಂದು ಒಂದು ಸಂಜೆ, ಮನೆಯಲ್ಲೂ ನೆರಳಾಗಿ ಗೊಣಗುತ್ತಿದ್ದ ಅವಳನ್ನು ಅಮ್ಮ ಕುಮುದಿನಿ ಕೇಳಿದಳು, ಅಂಗಳದಲ್ಲಿ ಬಂಗುಡೆ ಶುಚಿ ಮಾಡುತ್ತ. ಮಣ್ಣಗುಡ್ಡದ ಮನೆಮನೆಗೂ ಮೀನು ಮಾರುವ ಅವಳಿಗೆ ಜನರ ದನಿಯಿಂದಲೇ ವ್ಯಾಪಾರ ಆಗುತ್ತದೋ ಇಲ್ಲವೋ ತಿಳಿಯುತ್ತಿತ್ತು.

"ಬೈಯುವುದಲ್ಲ ಅಮ್ಮ, ಇಂಗ್ಲಿಷ್ ಕಲಿಯುವುದು."

"ಮುಖ ಬೈದ ಹಾಗೆ ಉಂಟು. ದನಿ ಮಾತ್ರ ಯಾರನ್ನೋ ಕರೆದ ಹಾಗೆ ಉಂಟಲ್ಲ?"

ವಿಜೇತಾ ಇಯರ್‌ಫೋನ್ ಕಿತ್ತು ಒಳಗೆ ನಡೆದಳು.

ಆಫೀಸಿನಲ್ಲಿ ಅವಳ ಫೋನಿನ ಮಾತು ಬದಲಾದದ್ದು ಎಲ್ಲರ ಗಮನಕ್ಕೂ ಬಂತು. ಒಂದು ಮಧ್ಯಾಹ್ನ ಅಕ್ಷಿತ್ ಅವಳ ಮೇಜಿನ ಬಳಿ ನಿಂತ. ಕಣ್ಣು ಅವಳ ಮೇಲಿಟ್ಟು, ತೆಗೆದು, ಕ್ಯಾಲೆಂಡರಿನ ಮೇಲಿಟ್ಟು, ಮತ್ತೆ ಅವಳ ಮೇಲೆಯೇ ತಂದ.

"ಈಗ ತುಂಬ ಚಂದ ಮಾತಾಡ್ತೀರಿ, ವಿಜೇತಾ."

"ಯಾಕೆ ಸರ್? ಮೀಟಿಂಗಿಗೆ ಹಾಕ್ಲಿಕ್ಕೆ ಹೊಸ ಕ್ಲಿಪ್ ಬೇಕಿತ್ತಾ?"

ಅವನ ಕಿವಿ ಕೆಂಪಾಯಿತು. ಬಾಯಿ ತೆರೆದ, ಮುಚ್ಚಿದ. ಮತ್ತೆ ಅದೇ ಮುಗುಳ್ನಗೆ. ವಿಜೇತಾಳಿಗೆ ಸ್ಟೇಪ್ಲರ್ ಎತ್ತಿ ಎಸೆಯುವಷ್ಟು ಸಿಟ್ಟು ಬಂತು. ಅವನು ಹೋದ ಮೇಲೆ ಅವನ ಕೆಂಪು ಕಿವಿ ಮಾತ್ರ ಕಣ್ಣ ಮುಂದಿನಿಂದ ಹೋಗಲಿಲ್ಲ.

ಆಫೀಸಿನ ವಾರ್ಷಿಕೋತ್ಸವ ಬಂತು. ನಿರೂಪಣೆ ತಾನೇ ಮಾಡುತ್ತೇನೆಂದು ವಿಜೇತಾ ಹೆಸರು ಕೊಟ್ಟಳು. ಕಾರ್ಯಕ್ರಮದ ಕೊನೆಯಲ್ಲಿ ಪ್ರತಿ ವಿಭಾಗದವರಿಗೂ ವೇದಿಕೆಯಿಂದಲೇ ಒಂದು ತಮಾಷೆಯ ಪ್ರಶ್ನೆ ಕೇಳುವ ಪದ್ಧತಿ ಇತ್ತು. ಅವಳಿಗೆ ಬೇಕಾದದ್ದು ಅದೇ.

ಕಡುನೀಲಿ ಸೀರೆ ಉಟ್ಟು ಮೈಕ್ ಹಿಡಿದಳು. ಮೊದಲ ವಾಕ್ಯಕ್ಕೇ ಎಲ್ಲರೂ ತಲೆ ಎತ್ತಿ ನೋಡಿದರು. ಇವಳೇನಾ ಫಸ್ಟ್ ಈಟ್? ಮಾತು ನೀರಿನ ಹಾಗೆ ಹರಿಯಿತು. ಬರ್ತ್ ಎನ್ನುವ ಮುಂಚೆ ಚಂದಕ್ಕೆ ನಿಂತಳು. ಬಾರ್ಜ್ ಎನ್ನುವ ಮುಂಚೆಯೂ ನಿಂತಳು. ಹಿಂದಿನ ಸಾಲಿನಿಂದ ಅನ್ಸಾರ್ ಕೂಗಿದ:

"ಇದು ನಮ್ಮ ಅಕ್ಷಿತನೇ ಮಾರಾಯ! ನಿಲ್ಲುವುದು ಸಹ ಅವನ ಹಾಗೇ!"

ಜನ ಚಪ್ಪಾಳೆ ತಟ್ಟಿ ನಕ್ಕರು. ವಿಜೇತಾ ಗೆಲುವಿನಿಂದ ಮುಂದಿನ ಸಾಲಿನತ್ತ ನೋಡಿದಳು. ಅಕ್ಷಿತನ ಮುಖದಲ್ಲಿ ರಕ್ತವಿರಲಿಲ್ಲ.

ಈಗ, ಎಂದುಕೊಂಡಳು. "ಮಿಸ್ಟರ್ ಅಕ್ಷಿತ್, ನಿಮಗೆ ಬೇರೆಯವರ ದನಿ ಎಲ್ಲರಿಗೂ ಕೇಳಿಸುವುದು ಇಷ್ಟವಲ್ಲವೇ? ನನ್ನ ಆ ಕರೆಯಲ್ಲಿ ಅಷ್ಟು ನಗುವಂಥದ್ದು ಏನಿತ್ತು, ಹೇಳಿ," ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಒಂದು ಕಡೆಯೂ ತಡವರಿಸಲಿಲ್ಲ.

ಅವನು ಎದ್ದು ನಿಂತ. ಯಾರೋ ಮೈಕ್ ಕೊಟ್ಟರು.

"ಬ..."

ತುಟಿಗಳು ಅಂಟಿಕೊಂಡವು. ಕೊರಳ ನರ ಉಬ್ಬಿತು. ದನಿ ಬರಲಿಲ್ಲ. ಅಷ್ಟರಲ್ಲಿ, ಮುಚ್ಚಿಕೊಳ್ಳಲು ಬಟ್ಟೆ ಹುಡುಕುವವನಂತೆ, ಆ ಮುಗುಳ್ನಗೆ ಬಂತು.

ಆ ನಗೆಯನ್ನು ವಿಜೇತಾ ಈಗ ಮೊದಲ ಬಾರಿಗೆ ನಿಜವಾಗಿ ನೋಡಿದಳು. ತಾನು ತಿಂಗಳುಗಟ್ಟಲೆ ಸ್ಟೈಲೆಂದು ಕಲಿತದ್ದು ಅವನು ಬಚ್ಚಿಟ್ಟುಕೊಂಡ ತೊದಲು! ಅದನ್ನೀಗ ತಾನೇ ಮೈಕಿನಲ್ಲಿ ಊರಿಗೆಲ್ಲ ಕೇಳಿಸಿಬಿಟ್ಟಿದ್ದಳು.

ಹಿಂದಿನಿಂದ ಕಿಸಕ್ಕೆಂದು ನಗು ಶುರುವಾಯಿತು. ಬಯಸಿದ ಸೇಡು ಬಿಸಿಬಿಸಿಯಾಗಿ ಬಡಿಸಿದ ಹಾಗೆ ಎದುರಿಗಿತ್ತು. ಅವನು ಬಾಯಿ ಕಟ್ಟಿ ನಿಂತಿದ್ದ, ಜನ ನಗುತ್ತಿದ್ದರು. ಅವಳು ಸುಮ್ಮನೆ ಒಂದು ಮುಗುಳ್ನಗೆ ನಕ್ಕಿದ್ದರೆ ಸಾಕಿತ್ತು.

"ವೇಟ್," ಎಂದಳು ಮೈಕಿನಲ್ಲಿ. ಈ ಸಲ ಅವನ ಏರಿಳಿತವಿರಲಿಲ್ಲ. ಬೆಂಗ್ರೆಯ, ಗಾಳಿಯ ವಿರುದ್ಧ ಕೂಗಿ ಅಭ್ಯಾಸವಾದ ದನಿ ಅದು. "ಹಿ ಈಸ್ ಸ್ಪೀಕಿಂಗ್."

ನಗು ಅಡಗಿತು. ಅವಳು ಅವನ ಕಣ್ಣನ್ನೇ ನೋಡುತ್ತ ಕಾದಳು. ಸಹಾಯಕ್ಕೆಂದು ಒಂದು ಶಬ್ದವನ್ನೂ ಕೊಡಲಿಲ್ಲ.

"ಬ... ಬಟ್ ನೋಬಡಿ ಹರ್ಡ್ ದ ರೆಸ್ಟ್," ಎಂದ ಅಕ್ಷಿತ್. ಆಮೇಲೆ ನಿಂತು ನಿಂತು ಹೇಳಿದ. ಕ್ಲಿಪ್ ಅಲ್ಲಿಗೆ ಮುಗಿದಿರಲಿಲ್ಲ. ಆ ಕ್ಯಾಪ್ಟನ್ ನಕ್ಕಿದ್ದ, ಹೋಗಿ ಊಟ ಮಾಡಿದ್ದ, ಮತ್ತೆ ಫೋನ್ ಮಾಡಿ ಇವನ ಹತ್ತಿರ ಹೇಳಿದ್ದ: ಇಷ್ಟು ಬಂದರು ಸುತ್ತಿದ್ದೇನೆ, ಉಂಡೆಯಾ ಎಂದು ಕೇಳಿದವರು ಇವರೊಬ್ಬರೇ. "ಅದನ್ನೇ ಅವತ್ತು ಎಲ್ಲರಿಗೂ ಹೇಳುವವನಿದ್ದೆ. ಬಟ್ ಅನ್ನುವ ಶಬ್ದವೇ ಹೊರಡಲಿಲ್ಲ."

ಆ ಸಂಜೆ ಅವನು ಅವಳ ಹಿಂದೆಯೇ ಧಕ್ಕೆಯವರೆಗೂ ನಡೆದು ಬಂದ. ಹೊಳೆಯ ನೀರಿನ ಮೇಲೆ ಬಿಸಿಲು ತಾಮ್ರದ ತಗಡಿನ ಹಾಗೆ ಮಲಗಿತ್ತು. ಫೆರಿ ಇನ್ನೂ ಆಚೆ ದಡದಲ್ಲಿತ್ತು.

"ಮೀಟಿಂಗಲ್ಲಿ ಶಬ್ದ ಬರ್ಲಿಲ್ಲ, ಸರಿ," ಎಂದಳು ವಿಜೇತಾ, ತಿರುಗದೆ. "ಆಮೇಲೆ ಬೆರಳಿಗೂ ತೊದಲು ಬಂದಿತ್ತಾ? ಒಂದು ಮೆಸೇಜ್ ಹಾಕ್ಲಿಕ್ಕೆ?"

ಅವನು ತಲೆ ತಗ್ಗಿಸಿದ. "ಎಲ್ಲ ನಿಮ್ಮನ್ನು ನೋಡಿ ನಗುವಾಗ... ನನ್ನನ್ನು ನೋಡ್ಲಿಲ್ಲಲ್ಲ ಅಂತ ಸಮಾಧಾನ ಆಯ್ತು. ಅದನ್ನು ಹೇಗೆ ಬರೆಯುವುದು?"

ಸತ್ಯದ ಮಾತು. ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಅದಕ್ಕೇ ಆ ಸಿಟ್ಟು ಹೆಚ್ಚು ಹೊತ್ತು ಉಳಿಯಲೂ ಇಲ್ಲ.

"ನಾನು ತಮಾಷೆ ಮಾಡಿದ್ದಲ್ಲ," ಎಂದಳು. "ನೀವು ನಿಲ್ಲುವುದು... ನನಗೆ ಚಂದ ಕಂಡಿತ್ತು."

"ನನ್ನ ವಿಡಿಯೊ ಯಾರೋ ಹಿಂದೆ ಎಳೆದೆಳೆದು ನೋಡ್ತಾರೆ ಅಂತ ಚಾನೆಲಿನ ಗ್ರಾಫಲ್ಲಿ ಕಾಣ್ತಿತ್ತು. ಸರಿಯಾಗಿ ನಿಲ್ಲುವ ಜಾಗದಲ್ಲೇ. ಯಾರಿಗೋ ಗುಟ್ಟು ಗೊತ್ತಾಯ್ತು ಅಂತ ಹೆದರಿ ಎರಡು ವಾರ ವಿಡಿಯೊ ಹಾಕ್ಲಿಲ್ಲ."

"ಗೊತ್ತುಂಟು. ಆ ಎರಡು ವಾರ ನನಗೆ ಮಂಡೆ ಹಾಳಾಗಿತ್ತು."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಅವನು ತಲೆ ಎತ್ತಿದ. ಕಿವಿ ಮತ್ತೆ ಕೆಂಪಾಗಿತ್ತು, ಈ ಬಾರಿ ಇಬ್ಬರದೂ.

"ಶಿಕ್ಷೆ ಉಂಟು ನಿಮಗೆ," ಎಂದಳು ಅವಸರದಲ್ಲಿ. "ಇನ್ನು ವಿಡಿಯೊದಲ್ಲಿ ಎಂತದೂ ಕತ್ತರಿಸ್ಬಾರದು. ತೊದಲಿದ್ದು ತೊದಲಿದ ಹಾಗೇ ಹಾಕ್ಬೇಕು."

"ಮರ್ಯಾದೆ ಹೋಗ್ತದೆ ಮಾರಾಯ್ರೆ!"

"ಹೋಗ್ಲಿ. ನನ್ನದು ಒಮ್ಮೆ ಹೋಗಿದೆ. ಹೋದ್ರೆ ಎಂತ ಆಗ್ತದೆ ಅಂತ ನಿಮಗೂ ಗೊತ್ತಾಗ್ಲಿ."

"ನೀವು ನೋಡ್ತೀರಾ?"

"ಹಿಂದೆ ಎಳೆದೆಳೆದು."

ಫೆರಿ ಬಂದು ದಡಕ್ಕೆ ತಾಗಿತು. ನಡೆಸುವ ಜಮಾಲುದ್ದೀನ್, ಊರವರ ಬಾಯಲ್ಲಿ ಜಮಾಲಾಕ, ಹಗ್ಗ ಬಿಗಿದು ಜನರನ್ನು ಹತ್ತಿಸಿಕೊಂಡರು. ವಿಜೇತಾ ಹಲಗೆಯ ಮೇಲೆ ಕಾಲಿಟ್ಟಳು.

"ವಿಜೇತಾ, ನಾನೊಮ್ಮೆ ಬ..."

ಮಾತು ಸಿಕ್ಕಿಕೊಂಡಿತು. ಅವನ ಮುಖದಲ್ಲಿ ಆ ಹಳೆಯ ನಗೆ ಮೂಡಲು ಹೊರಟಿತು. ಅವಳ ಕಣ್ಣು ಬೇಡ ಎಂದಿತು. ನಗೆ ಹಿಂದಕ್ಕೆ ಸರಿಯಿತು.

"ಹತ್ತುದಾ, ಅಲ್ಲಿಯೇ ನಿಲ್ಲುದಾ?" ಎಂದು ಜಮಾಲಾಕ ಕೂಗಿದರು. "ನೀರು ಇಳೀತಾ ಉಂಟು!"

"ಚೂರು ನಿಲ್ಲಿ ಜಮಾಲಾಕ," ಎಂದಳು ವಿಜೇತಾ, ಒಂದು ಕಾಲು ದೋಣಿಯಲ್ಲಿ, ಒಂದು ಕಾಲು ದಡದಲ್ಲಿ. "ಇವರು ಮಾತಾಡ್ತಾ ಇದ್ದಾರೆ."

ದೋಣಿ ತುಂಬ ಜನ. ಎಲ್ಲರೂ ತಿರುಗಿ ನೋಡಿದರು. ಅಕ್ಷಿತ್ ಉಸಿರೆಳೆದ.

"ಬ... ಬೆಂಗ್ರೆಗೆ ಬರ್ಲಾ? ನಿಮ್ಮ ಅಮ್ಮನನ್ನು ನೋಡ್ಲಿಕ್ಕೆ?"

"ಅಮ್ಮನಿಗೆ ಆ ಕ್ಲಿಪ್ಪಿನ ಕಥೆ ಎಲ್ಲ ಗೊತ್ತುಂಟು. ಕೈಯಲ್ಲಿ ಮೀನಿನ ಕತ್ತಿ ಬೇರೆ ಉಂಟು."

"ಬೈತಾರಾ?"

ವಿಜೇತಾ ಕೈ ಚಾಚಿದಳು. ಅವನು ಹಿಡಿದುಕೊಂಡು ದೋಣಿಗೆ ಹತ್ತಿದ ಮೇಲೂ ಬಿಡಲಿಲ್ಲ, ಅವಳೂ ಬಿಡಿಸಿಕೊಳ್ಳಲಿಲ್ಲ.

"ಫಸ್ಟ್ ಯು ಈಟ್," ಎಂದಳು. "ಆಫ್ಟರ್, ಅಮ್ಮ ಶೌಟ್."