ತಿರುಗಿಸಿದ ನಾಲ್ಕು ಗೆರೆಗಳು

"ನೀನಾ...?!"

ಮೀಟಿಂಗ್ ಕೋಣೆಯ ಬಾಗಿಲಲ್ಲೇ ಅವಳ ಕಾಲು ಕಟ್ಟಿಹಾಕಿದಂತಾಯಿತು. ಎದುರಿಗೆ ಲ್ಯಾಪ್‌ಟಾಪ್ ಅಪ್ಪಿಕೊಂಡು ನಿಂತಿದ್ದವನು ಗುಮ್ಮ. ಬಾಯಿಬಿಡದ ಸ್ವಭಾವಕ್ಕೆ ಹಳೇ ಆಫೀಸಿನವರು ಇಟ್ಟ ಹೆಸರು. ಅವಳಿಗೆ ಅವರೇ ಇಟ್ಟದ್ದು ಸಿಡುಕಿ. ಒಂದು ಕಾಲದಲ್ಲಿ ಮದುವೆಯ ಮಾತಾಡಿಕೊಂಡಿದ್ದ ಜೋಡಿ!

"ಚೆನ್ನಾಗಿದ್ದೀಯಾ?" ಎಂದ.

"ನಿಮ್ಮ ಚರಂಡಿ ಡಿಸೈನ್ ತಪಾಸಣೆ ಮಾಡೋದು ನಾನೇ. ನಾಳೆ ಎಲ್ಲರೆದುರು ಮಾತಾಡೋಣ, ಸರ್."

ಆ 'ಸರ್' ಕೆನ್ನೆಗೆ ಬಿಗಿದಂತಿತ್ತು.

ಅವಳು ಮರೆತಿರಲಿಲ್ಲ. ಮರೆಯುವಂಥದ್ದೂ ಅಲ್ಲ. ಸರ್ವೆಯವರು ಅಳೆದು ತಂದ ಎತ್ತರದ ಪಾಯಿಂಟುಗಳ ನಡುವೆ ಸಾಫ್ಟ್‌ವೇರ್ ಗೆರೆ ಎಳೆದು ನೆಲದ ಮಾದರಿ ಕಟ್ಟುತ್ತದೆ. ಆದರೆ ಅದಕ್ಕೆ ಕಣ್ಣಿಲ್ಲ. ಒಂದು ಗೆರೆ ಅಡ್ಡಬಿದ್ದರೆ ಹಳ್ಳವಿದ್ದಲ್ಲಿ ದಿಬ್ಬ ತೋರಿಸುತ್ತದೆ. ಅಂಥ ಗೆರೆಗಳನ್ನು ಒಂದೊಂದಾಗಿ ಕೈಯಿಂದ ತಿರುಗಿಸಿ ಸರಿಮಾಡುವುದು ಅವಳ ಕೆಲಸ. ಹಳೇ ಆಫೀಸಿನಲ್ಲಿ ಅಂದು ಅವಳು ವಾರಗಟ್ಟಲೆ ತಿದ್ದಿದ್ದ ಮಾದರಿಯನ್ನು ಮೀಟಿಂಗಿನಲ್ಲಿ ತೆರೆದರೆ... ಒಂದು ತಿದ್ದುಪಡಿಯೂ ಇಲ್ಲ! ಹಿಂದಿನ ಸಂಜೆ ಆ ಫೈಲು ಮುಟ್ಟಿದ್ದವನು ಇವನೊಬ್ಬನೇ. ಮ್ಯಾನೇಜರ್ ಅವಳ ನೀರಿಳಿಸುವಾಗ ಇವನು ತಲೆತಗ್ಗಿಸಿ ಕೂತಿದ್ದ. ಅವಳು ಕೆಲಸ ಬಿಟ್ಟಳು. ಅವಳಿಗೆ ಸಿಗಬೇಕಿದ್ದ ಕುರ್ಚಿ ಇವನಿಗೆ ಸಿಕ್ಕಿತು.

'ಬೇಕಂತಲೇ ಅಳಿಸಿದ... ಇವನಿಗೆ ಮಣ್ಣು ಮುಕ್ಕಿಸದಿದ್ದರೆ ನಾನು ನಾನೇ ಅಲ್ಲ!'

ಸಂಜೆ, ತಪಾಸಣೆಗೆಂದು ಹಂಚಿಕೊಂಡಿದ್ದ ಅವನ ಮಾದರಿ ತೆರೆದು, ಚರಂಡಿ ಹಾದುಹೋಗುವ ತಗ್ಗಿನಲ್ಲಿ ನಾಲ್ಕು ಗೆರೆ ತಿರುಗಿಸಿದಳು. ಅಷ್ಟೇ. ಇನ್ನು ನೀರು ಮೇಲಕ್ಕೆ ಹರಿಯಬೇಕು! ಅವಳ ಹೊಟ್ಟೆ ತಣ್ಣಗಾಯಿತು.

ಮರುದಿನ ಅದೇ ಹಳೇ ಮ್ಯಾನೇಜರೂ ಬಂದಿದ್ದರು. ಗುಮ್ಮ ಪರದೆಯ ಮೇಲೆ ನೀರು ಹರಿಸಿ ತೋರಿಸಿದ. ಅವಳು ಕಣ್ಣು ಮಿಟುಕಿಸದೆ ಕಾದಳು.

ನೀರು ಸರಾಗವಾಗಿ ಕೆಳಗಿಳಿಯಿತು.

'ಅರೆ! ನನ್ನ ಗೆರೆಗಳೆಲ್ಲಿ?'

ವಿರಾಮದಲ್ಲಿ ಅವನನ್ನು ಹೊರಗೆ ಅಡ್ಡಗಟ್ಟಿದಳು. "ಫೈಲಿಗೆ ಏನು ಮಾಡಿದೆ?"

"ಬೆಳಿಗ್ಗೆ ಸರ್ವೆಯವರು ಹೊಸ ಪಾಯಿಂಟ್ ಕಳಿಸಿದ್ರು. ಸೇರಿಸಿ ಮಾದರಿ ಮತ್ತೆ ಕಟ್ಟಿದೆ. ಹಾಗೆ ಮಾಡಿದ್ರೆ ಕೈಯಿಂದ ತಿದ್ದಿದ್ದೆಲ್ಲ ಅಳಿಸಿಹೋಗುತ್ತೆ. ನನ್ನವನ್ನ ಮತ್ತೆ ತಿದ್ಕೊಂಡೆ. ನಿನ್ನ ನಾಲ್ಕನ್ನ ಬಿಟ್ಟೆ." ದನಿ ಇಳಿಯಿತು. "ಆವತ್ತು ನನಗದು ಗೊತ್ತಿರಲಿಲ್ಲ ಕಣೆ."

ಅವಳಿಗೆ ಈಗ ಅರ್ಥವಾಯಿತು. ಅಂದರೆ ಅಂದು... ಹೊಸ ಪಾಯಿಂಟ್ ಸೇರಿಸಿದ್ದನಷ್ಟೇ!

"ನಾನು ಕೆಡಿಸಿದ್ದು ನೋಡಿದ್ಯಾ?"

"ನಿನ್ನ ಕೈಚಳಕ ನನಗೆ ಗೊತ್ತಾಗಲ್ವಾ? ಪೆಟ್ಟು ನನಗೊಬ್ಬನಿಗೇ ಆಗೋದಾಗಿದ್ರೆ ಹಾಗೇ ಬಿಡ್ತಿದ್ದೆ. ಆದ್ರೆ ಯಾರೂ ಗಮನಿಸದೆ ಚರಂಡಿ ಕಟ್ಟಿಬಿಟ್ರೆ ತಗ್ಗಿನ ಮನೆಗಳಿಗೆ ನೀರು ನುಗ್ಗುತ್ತೆ."

ಆ ಮನೆಗಳು ಅವಳ ಕಣ್ಣಿಗೆ ಬಿದ್ದೇ ಇರಲಿಲ್ಲ. ನಾಚಿಕೆಯಿಂದ ಮುಖ ಕೆಂಪಾಯಿತು. ಆದರೂ ಸಿಟ್ಟು ಆರಲಿಲ್ಲ.

"ಮತ್ತೆ ಆವತ್ತು ಯಾಕೆ ಹೇಳ್ಲಿಲ್ಲ? ನಾಲಿಗೆ ಬಿದ್ದುಹೋಗಿತ್ತಾ?"

"ಪರದೆ ನೋಡಿದಾಗ್ಲೇ ನನ್ನಿಂದ ಆಗಿದ್ದು ಅಂತ ತಿಳೀತು. ಹೆದರಿಕೆ... ಕುರ್ಚಿ ಆಸೆ... ಬಾಯಿ ಬರ್ಲಿಲ್ಲ. ಆಮೇಲೆ ಎಷ್ಟು ಫೋನ್ ಮಾಡಿದ್ರೂ ನೀನು ಎತ್ತಲಿಲ್ಲ."

"ನನಗೊಬ್ಬಳಿಗೇ ಹೇಳಿದ್ರೆ ಏನು ಬಂತು? ನನ್ನ ಮಾನ ಹೋಗಿದ್ದು ಎಲ್ಲರೆದುರು!"

ಅವನು ಉತ್ತರಿಸದೆ ಒಳನಡೆದ. 'ಥೂ! ಮತ್ತೆ ಅದೇ ಮೌನ!' ಅಂದುಕೊಂಡೇ ಹಿಂದೆ ಹೋದಳು. ಅವನು ನೇರ ಮ್ಯಾನೇಜರ್ ಮುಂದೆ, ಎಲ್ಲರೆದುರು ನಿಂತಿದ್ದ.

"ಸರ್, ಹಳೇ ಪ್ರಾಜೆಕ್ಟಿನಲ್ಲಿ ಇವರ ತಿದ್ದುಪಡಿ ಅಳಿಸಿದ್ದು ನಾನು. ತಿಳಿಯದೆ ಅಳಿಸಿದೆ, ತಿಳಿದ ಮೇಲೂ ಸುಮ್ಮನಿದ್ದೆ. ನಾನು ಕೂತಿರೋ ಕುರ್ಚಿ ಇವರದು."

ಈ ಗಳಿಗೆಗಾಗಿ ಅವಳು ಎಷ್ಟು ದಿನ ಹಲ್ಲು ಮಸೆದಿದ್ದಳು! ಈಗ ನೋಡಿದರೆ ಅಳುವೇ ಬಂತು.

ಅವಳೂ ಮುಂದೆ ಬಂದಳು. "ನಿನ್ನೆ ಇವರ ಮಾದರಿ ಕೆಡಿಸಿದ್ದು ನಾನು. ಬೇಕಂತಲೇ."

ಮ್ಯಾನೇಜರ್ ಇಬ್ಬರನ್ನೂ ಹೊರಗೆ ಕಳಿಸಿದರು. ಮೆಟ್ಟಿಲ ಮೇಲೆ ಅಕ್ಕಪಕ್ಕ ಕೂತರು.

"ಕೆಲಸ ಉಳಿಯುತ್ತೋ ಇಲ್ವೋ," ಎಂದ. "ಸೇಡು ತೀರಿತಾ?"

"ಇಲ್ಲ." ಕಣ್ಣೊರೆಸಿಕೊಂಡಳು. "ನಮ್ಮಕ್ಕನ ಎದುರು ಬಂದು ನಿಂತು ನನ್ನನ್ನ ಮದುವೆಗೆ ಕೇಳು. ನೀನು ಸಿಕ್ರೆ ಕಾಲು ಮುರೀತೀನಿ ಅಂದಿದ್ದಾಳೆ."

"ಬರ್ತೀನಿ."

"ಹೆದರಿಕೆ ಆಗಲ್ವಾ?"

"ಆಗುತ್ತೆ... ಆದ್ರೂ ಬರ್ತೀನಿ."