ಯಾರೆಲಿ ನುಂಗಿದ ಮಾತು

“ಅಮ್ಮಾ! ಕಾಸು ಸದ್ದು ಮಾಡ್ತಿಲ್ಲ!”

ಯಾರೆಲಿ ಬ್ಯಾಗ್ ಎಸೆದು ಒಲೆಯ ಕಡೆ ಓಡಿದಳು. ತಮಾಲೆ ಎಂಬ ಮೆಕ್ಕೆಜೋಳದ ಕಡುಬು ಬೇಯಿಸುವ ದೊಡ್ಡ ಪಾತ್ರೆಯ ತಳದ ನೀರಿನಲ್ಲಿ ಅಮ್ಮ ಯಾವಾಗಲೂ ಒಂದು ಕಾಸು ಹಾಕಿಡುತ್ತಿದ್ದಳು. ನೀರು ಕುದಿಯುತ್ತಿರುವಷ್ಟು ಹೊತ್ತೂ ಕಾಸು ಟಣಟಣ ಅನ್ನುತ್ತಿತ್ತು. ಸದ್ದು ನಿಂತರೆ ನೀರು ಬತ್ತಿದೆ, ಬೇಗ ಇನ್ನಷ್ಟು ಸುರಿ ಎಂದರ್ಥ. ಮೆಕ್ಸಿಕೋದ ಓಹಾಕಾ ಸೀಮೆಯ ಹೆಂಗಸರು ಲಾಸ್ ಏಂಜಲೀಸ್‌ಗೆ ಬಂದು ಎಷ್ಟು ವರ್ಷವಾದರೂ ಈ ಉಪಾಯ ಬಿಟ್ಟಿಲ್ಲ.

ಇವತ್ತು ಕಾಸು ಸುಮ್ಮನಾಗಿ ಎಷ್ಟು ಹೊತ್ತಾಗಿತ್ತೋ! ಬೀದಿ ಮೂಲೆಯಲ್ಲಿ ಮಾರಲೆಂದು ಮೆಕ್ಕೆಜೋಳದ ಸಿಪ್ಪೆಯಲ್ಲಿ ಸುತ್ತಿಟ್ಟ ಅರವತ್ತು ತಮಾಲೆಗಳೂ ಸೀದು ನಾರುತ್ತಿದ್ದವು. ಅಮ್ಮ ಒಫೇಲಿಯಾ ಒಲೆಯ ಪಕ್ಕದಲ್ಲೇ, ಪುಟ್ಟ ತಮ್ಮ ಇಕೆರ್‌ನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅವಳ ತುಟಿಗಳು ಮಾತ್ರ ಅಲ್ಲಾಡುತ್ತಿದ್ದವು.

“ಇಲ್ಲೇ ಇದ್ದೀಯಲ್ಲಮ್ಮಾ! ವಾಸನೇನೂ ಬರಲಿಲ್ವಾ? ತಲೇನ ಎಲ್ಲಿ ಬಿಟ್ಟು ಬಂದಿದ್ದೀಯಾ?”

ಅಮ್ಮ ಬೆಚ್ಚಿಬಿದ್ದಳು. “ಅಯ್ಯೋ ಮಗಳೇ, ಏನೋ ಲೆಕ್ಕ ಹಾಕ್ತಿದ್ದೆ...”

ಹೋದ ವಾರ ಸ್ಕೂಲಿನಿಂದ ಯಾರೆಲಿಯನ್ನು ಕರೆತರುವುದನ್ನೇ ಮರೆತಿದ್ದಳು. ಅದಕ್ಕೂ ಮುಂಚೆ ಮನೆಯ ಕೀ ಫ್ರಿಜ್ಜಿನಲ್ಲಿ ಸಿಕ್ಕಿತ್ತು.

ಮಾರನೇ ವಾರ ಇಕೆರ್‌ನ ಒಂಬತ್ತು ತಿಂಗಳ ಚೆಕಪ್. ಕ್ಲಿನಿಕ್ಕಿನಲ್ಲಿ ಸ್ಪ್ಯಾನಿಷ್ ಬರುವವರು ಆವತ್ತು ರಜ. ಅಮ್ಮನಿಗೆ ಇಂಗ್ಲಿಷ್ ಬಾರದು. ಡಾಕ್ಟರ್ ಹೇಳಿದ್ದನ್ನು ಅಮ್ಮನಿಗೆ, ಅಮ್ಮ ಹೇಳಿದ್ದನ್ನು ಡಾಕ್ಟರಿಗೆ ದಾಟಿಸುವ ಕೆಲಸ ಯಾರೆಲಿಯದು.

“ಎಷ್ಟು ಚೆನ್ನಾಗಿ ಮಾತಾಡ್ತೀಯಮ್ಮಾ!” ಎಂದು ಡಾಕ್ಟರ್ ಹೊಗಳಿದರು. “ಮನೇಲಿ ಏನಾದ್ರೂ ಚಿಂತೆ ಇದೆಯಾ ಅಂತ ಅಮ್ಮನ್ನ ಕೇಳು. ಬಾಡಿಗೆ, ಸಾಲ, ಖರ್ಚು ಇಂಥದ್ದಕ್ಕೆಲ್ಲ ದಾರಿ ಹೇಳಿಕೊಡೋಕೆ ನಮ್ಮಲ್ಲಿ ಒಬ್ಬರು ಕೋಚ್ ಬಂದಿದ್ದಾರೆ. ಫೀಸ್ ಇಲ್ಲ.”

ಕೋಚಾ? ಯಾರೆಲಿಗೆ ಗೊತ್ತಿದ್ದ ಕೋಚ್ ವಿಷಲ್ ಊದಿ ಗ್ರೌಂಡ್ ಸುತ್ತಿಸುವವರು. ಅಮ್ಮನನ್ನೂ ಓಡಿಸುತ್ತಾರೇನೋ ಎಂದು ಒಳಗೊಳಗೇ ನಕ್ಕು, ಅಮ್ಮನಿಗೆ ಹೇಳಿದಳು.

ಅಮ್ಮ ದನಿ ತಗ್ಗಿಸಿದಳು. “ಮಗಳೇ, ಒಂದು ಮಾತು ಕೇಳು ಅವರನ್ನ. ನಂಗೆ ಎಲ್ಲಾ ಮರೆತುಹೋಗುತ್ತೆ ಅನ್ನು. ನಮ್ಮಮ್ಮನಿಗೂ ಹೀಗೇ ಶುರುವಾಗಿದ್ದು. ಕೊನೇಗೆ ಅವಳಿಗೆ ನನ್ನ ಗುರುತೇ ಸಿಗಲಿಲ್ಲ. ನಂಗೂ ಅದೇ ಕಾಯಿಲೆ ಬಂತಾ? ತಲೆ ಎಲ್ಲಿ ಬಿಟ್ಟು ಬಂದೆ ಅಂತ ಮಗಳೇ ಕೇಳ್ತಾಳೆ, ಅದನ್ನೂ ಹೇಳು.”

ಯಾರೆಲಿಯ ಕಿವಿ ಬಿಸಿಯಾಯಿತು. ಈಗಷ್ಟೇ ಹೊಗಳಿದ ಡಾಕ್ಟರಿಗೆ ತಾನಾಡಿದ ಆ ಮಾತನ್ನು ಹೇಗೆ ಹೇಳುವುದು?

“ಏನೂ ತೊಂದರೆ ಇಲ್ವಂತೆ,” ಎಂದುಬಿಟ್ಟಳು.

ಡಾಕ್ಟರ್ ನಕ್ಕು ಎದ್ದರು.

“ಏನಂದ್ರು?” ಅಮ್ಮ ಕೇಳಿದಳು.

“ಏನೂ ಅನ್ನಲಿಲ್ಲ.”

ಮರುದಿನ ಬೆಳಿಗ್ಗೆ ಚೋಲೆ ಚಿಕ್ಕಮ್ಮ ಬಂದು ತಮಾಲೆ ಪಾತ್ರೆಯನ್ನು ಹೊತ್ತುಕೊಂಡು ಹೊರಟಳು.

“ನೀನೇ ಇಟ್ಕೊ. ಆ ಮೂಲೆಯ ಜಾಗಾನೂ ನಿಂದೇ,” ಅಮ್ಮ ತಂಗಿಗೆ ಹೇಳುತ್ತಿದ್ದಳು. “ಡಾಕ್ಟರೇ ಬಾಯಿ ಬಿಡಲಿಲ್ಲ ಅಂದ್ಮೇಲೆ ಇದು ಆ ಕಾಯಿಲೇನೇ. ಮಕ್ಕಳಿರೋ ಮನೆ ಕಣೇ, ಬೆಂಕಿ ಹತ್ತಿಕೊಂಡ್ರೆ?”

ಯಾರೆಲಿ ಬಾಗಿಲ ಹಿಂದೆ ನಿಂತಿದ್ದಳು. ಆಗಲಾದರೂ ಹೇಳಬಹುದಿತ್ತು. ಮಾತು ಆಡಿದರೆ ಹೋಯಿತು ಅನ್ನುತ್ತಾರೆ. ಆಡದೇ ಕಳೆದುಕೊಂಡದ್ದು ಎಷ್ಟು ಅಂತ ಯಾರೂ ಹೇಳುವುದಿಲ್ಲ. ಆಮೇಲೆ ಮೂರು ತಿಂಗಳು ಅಮ್ಮ ತನ್ನದೇ ಮೂಲೆಯಲ್ಲಿ ತಂಗಿಯ ಪಕ್ಕ ಕೂಲಿಗೆ ನಿಂತಳು. “ಒಫೇಲಿಯಾ, ನಿನ್ನ ಕೈರುಚಿ ಇದರಲ್ಲಿ ಇಲ್ವಲ್ಲೇ!” ಎಂದು ಗಿರಾಕಿಗಳು ಅಂದಾಗ ಸುಮ್ಮನೆ ನಗುತ್ತಿದ್ದಳು. ಆ ನಗು ನೋಡಲಾರದೆ ಯಾರೆಲಿ ಎದುರಿನ ಫುಟ್‌ಪಾತಿನಲ್ಲಿ ನಡೆದು ಸ್ಕೂಲಿಗೆ ಹೋಗುತ್ತಿದ್ದಳು.

ಇಕೆರ್‌ಗೆ ವರ್ಷ ತುಂಬಿದ ಚೆಕಪ್ಪಿನ ದಿನ ಆ ಕೋಚ್ ತಾವಾಗಿಯೇ ಒಳಗೆ ಬಂದರು. ವಿಷಲ್ ಇರಲಿಲ್ಲ, ಕೈಯಲ್ಲಿ ಪೆನ್ನು, ಬಾಯಲ್ಲಿ ಚೆಂದದ ಸ್ಪ್ಯಾನಿಷ್. ಹೆಸರು ಇದಾಲಿಯಾ.

“ಯಾವ ದಿನ ಯಾರಿಗೆ ದುಡ್ಡು ಕೊಡಬೇಕು, ಒಂದ್ಸಲ ಹೇಳ್ತೀರಾ?”

ಅಮ್ಮ ಶುರುಮಾಡಿದಳು. ಒಂದನೇ ತಾರೀಕು ಬಾಡಿಗೆ, ಐದಕ್ಕೆ ವ್ಯಾನಿನ ಕಂತು, ಶುಕ್ರವಾರ ಓಣಿಯವರ ಚೀಟಿ, ಹನ್ನೆರಡಕ್ಕೆ ಕರೆಂಟು, ಇಪ್ಪತ್ತಕ್ಕೆ ಊರಲ್ಲಿರುವ ತನ್ನ ಅಪ್ಪನ ಔಷಧಿ... ಒಂದು ಕಡೆಯೂ ತಡವರಿಸಲಿಲ್ಲ.

ಇದಾಲಿಯಾ ಪೆನ್ನು ಕೆಳಗಿಟ್ಟರು. “ಇಷ್ಟೂ ತಲೇಲೇ ಇದೆಯಾ? ಎಲ್ಲೂ ಬರೆದಿಟ್ಟಿಲ್ವಾ?”

“ಬರೆದ್ರೆ ಕಣ್ಣಿಗೆ ಕಾಣುತ್ತಲ್ಲ, ಭಯ. ಈ ತಿಂಗಳು ಯಾವುದನ್ನ ತಪ್ಪಿಸಲಿ ಅಂತ ಹಗಲೆಲ್ಲ ಅದೇ ಯೋಚನೆ. ಅದರ ನಡುವೆ ಮಿಕ್ಕಿದ್ದೆಲ್ಲ ಮರೆತುಹೋಗುತ್ತೆ.”

“ಮರೆವಿಗೆ ಕಾರಣ ಏನು ಅಂತ ಡಾಕ್ಟರ್ ನೋಡಿ ಹೇಳಬೇಕು, ನಾನು ಹೇಳಬಾರದು. ಆದ್ರೆ ಇಷ್ಟು ಹೊರೆ ಹೊತ್ತ ತಲೆಗೆ ಬೇರೇದಕ್ಕೆ ಜಾಗ ಎಲ್ಲಿಂದ ಬರಬೇಕಮ್ಮಾ? ಬನ್ನಿ, ಅರ್ಧ ಹೊರೆ ಕಾಗದಕ್ಕೆ ಇಳಿಸೋಣ.” ಅವರು ಹಳೆಯ ಹಾಳೆ ತಿರುವಿದರು. “ಹೋದ ಸಲ ಬಂದಾಗ ಏನೂ ತೊಂದರೆ ಇಲ್ಲ ಅಂತ ಬರೆದಿದೆ. ಆವತ್ತೇ ಯಾಕೆ ಕೇಳಲಿಲ್ಲ?”

ಅಮ್ಮ ತಲೆ ಎತ್ತಿ ಯಾರೆಲಿಯನ್ನು ನೋಡಿದಳು.

ಆಮೇಲೆ ಇದಾಲಿಯಾ ಕಡೆ ತಿರುಗಿ, “ಕೇಳೋಕೆ ಮರೆತೆ ಅಂತ ಕಾಣುತ್ತೆ. ನನ್ನ ತಲೆ ನಿಮಗೀಗ ಗೊತ್ತಾಯ್ತಲ್ಲ,” ಎಂದು ನಕ್ಕಳು.

ಅಮ್ಮನಿಗೆ ಎಲ್ಲ ನೆನಪಿತ್ತು.

“ಮರೆತಿರಲಿಲ್ಲ,” ಎಂದಳು ಯಾರೆಲಿ. “ಅಮ್ಮ ಕೇಳಿದ್ಲು. ನಾನೇ ಹೇಳಲಿಲ್ಲ.”

ಅಮ್ಮ ಬೈಯಲಿಲ್ಲ. ಇಕೆರ್‌ನನ್ನು ಒಂದು ಪಕ್ಕಕ್ಕೆ ಸರಿಸಿ, ಬೆಂಚಿನ ಮೇಲೆ ಅವಳಿಗೂ ಜಾಗ ಮಾಡಿದಳು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಯಾರೆಲಿಗೆ.