ಹಳದಿ ಗೌನಿನ ಭುಜ

ಇಪ್ಪತ್ತು ದಿನ ಮಾತು ಬಿಟ್ಟಿದ್ದವನು ಅವತ್ತು ನೇರವಾಗಿ ಅವಳ ಹೊಲಿಗೆ ಯಂತ್ರದ ಮುಂದೆ ಬಂದು ನಿಂತ. ಕೈಯಲ್ಲೊಂದು ಹಳದಿ ಗೌನು.

"ಭುಜ ಹರಿದಿದೆ. ಈ ಸಲ ನೀನೇ ನೋಡ್ಬೇಕು."

ಅವನು ಆ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವನು, ಅವಳು ಹರಿದದ್ದನ್ನು ಹೊಲಿಯುವವಳು. ಇಬ್ಬರಿಗೂ ಮದುವೆ ಮಾತಾಗಿತ್ತು. ಮುರಿದವಳು ಅವಳೇ!

ಕಾರಣ, ಫೋನು. ಅಕ್ಕ ದಿನಕ್ಕೊಂದು ಫೋಟೋ ಹಾಕುತ್ತಿದ್ದಳು... ಭಾವನ ಜೊತೆ ಸಮುದ್ರ, ಭಾವ ಕೊಡಿಸಿದ ವಾಚು, ಭಾವನ ಹೆಗಲ ಮೇಲೆ ತಲೆ. ನೋಡಿ ನೋಡಿ ಇವಳಿಗೆ ತನ್ನ ಬದುಕು ಸಪ್ಪೆ ಎನಿಸಿತು.

"ಅಕ್ಕನ್ನ ನೋಡು. ನಿನ್ನ ಕಟ್ಕೊಂಡ್ರೆ ನಂಗೆ ಇಸ್ತ್ರಿ ಹಬೆ ತಾನೆ ಗತಿ?" ಎಂದಿದ್ದಳು.

"ದೂರದ ಬೆಟ್ಟ ನುಣ್ಣಗೆ ಕಣೇ," ಎಂದಷ್ಟೇ ಅವನು ಹೇಳಿದ್ದ.

ಹೊಟ್ಟೆಕಿಚ್ಚು ಇವನಿಗೆ, ಅಂದುಕೊಂಡಳು ಮಹಾತಾಯಿ.

ಈಗ ಗೌನನ್ನು ಒಳಮೈ ತಿರುಗಿಸಿದವಳ ಕೈ ನಿಂತುಹೋಯಿತು. ಬೆಳಿಗ್ಗೆ ಅಕ್ಕ ಹಾಕಿದ ಫೋಟೋದಲ್ಲಿ ಇದೇ ಗೌನು! ಭುಜದಲ್ಲಿ ಮೂರು ಹಳೆಯ ಹೊಲಿಗೆ, ಒಂದರ ಮೇಲೊಂದು, ಸೊಟ್ಟಸೊಟ್ಟಗೆ. ಕೊರಳಪಟ್ಟಿಯ ಮೇಲೆ ಒಣಗಿದ ರಕ್ತ.

"ಮೊದಲು ಹೊಲಿದಿದ್ದು ಯಾರು?"

"ನಾನು. ನಿನ್ನ ರಜೆ ದಿನ ನೋಡ್ಕೊಂಡು ಅಕ್ಕ ತರ್ತಿದ್ರು. ಬಾಗಿಲಿಗೆ ಸಿಕ್ಕಿ ಹರೀತು ಅಂತಿದ್ರು. ನಿಂಗೆ ಹೇಳ್ಬಾರ್ದು ಅಂತ ಆಣೆ ಬೇರೆ. ಬಾಯಿ ಮುಚ್ಕೊಂಡಿದ್ದು ನನ್ನದೂ ತಪ್ಪೇ... ಇವತ್ತು ಪಕ್ಕದ ಮನೆ ಹುಡುಗನ ಕೈಲಿ ಕಳಿಸಿದ್ರು, ರಕ್ತ ನೋಡಿದೆ. ಆಣೆ ಹಾಳಾಗ್ಲಿ, ಅಕ್ಕ ಉಳಿದ್ರೆ ಸಾಕು."

ಆ ಫೋಟೋಗೆ ಬೆಳಿಗ್ಗೆ ನಾನೇ ಹಾರ್ಟ್ ಒತ್ತಿದ್ದೆನಲ್ಲ... ಅವಳು ಗೌನನ್ನು ಅಲ್ಲೇ ಬಿಟ್ಟು ಎದ್ದಳು.

ಇಬ್ಬರೂ ಅಕ್ಕನ ಮನೆಗೆ ಓಡಿದರು. ಭಾವ ಕೆಲಸಕ್ಕೆ ಹೋಗಿದ್ದ. ಅಕ್ಕ ಬಾಗಿಲನ್ನು ಅರ್ಧವಷ್ಟೇ ತೆರೆದಳು. ತುಟಿ ಸೀಳಿತ್ತು, ಒಂದು ಕಣ್ಣು ಬಾತು ಮುಚ್ಚಿತ್ತು.

"ನಂಗ್ಯಾಕೆ ಹೇಳ್ಲಿಲ್ಲ ಅಕ್ಕಾ?"

ಅಕ್ಕ ತಲೆ ತಗ್ಗಿಸಿದಳು. "ಹೋದ ವರ್ಷ ನೀನೊಂದು ಫೋಟೋ ಹಾಕಿದ್ದೆ. ಇಸ್ತ್ರಿ ಮೇಜಿನ ಹತ್ರ ನೀವಿಬ್ರೂ ಬಿದ್ದೂ ಬಿದ್ದೂ ನಗ್ತಿದ್ರಿ. ಎಷ್ಟು ಸಲ ನೋಡಿದೀನೋ... ನನ್ನ ಬಾಳು ಹೀಗಾಯ್ತು ಅಂತ ನಿನ್ನ ಮುಂದೆ ಒಪ್ಕೊಳ್ಳೋಕೆ ಮನಸ್ಸು ಬರ್ಲಿಲ್ಲ ಕಣೆ. ಅದಕ್ಕೇ ನಾನೂ ಹಾಕ್ತಾ ಹೋದೆ."

ಆ ಫೋಟೋವನ್ನು ತಂಗಿ ಇಪ್ಪತ್ತು ದಿನದ ಹಿಂದೆ ಅಳಿಸಿಹಾಕಿದ್ದಳು.

ಒಂದೇ ಚೀಲಕ್ಕೆ ಅಕ್ಕನ ಬಟ್ಟೆ ತುಂಬಿ, ಅವಳನ್ನು ನಡುವೆ ಹಿಡಿದು ಇಬ್ಬರೂ ಮೆಟ್ಟಿಲಿಳಿಸಿದರು. ಫೋನು ಒಳಗೇ ಉಳಿಯಿತು. ಯಾರೂ ತರಲು ಹೋಗಲಿಲ್ಲ.

"ನನ್ನ ಕ್ಷಮಿಸ್ತೀಯಾ?" ತಂಗಿ ಅವನತ್ತ ತಿರುಗಿದಳು.

"ಮೊದಲು ಆಸ್ಪತ್ರೆಗೆ ಹೋಗೋಣ."

"ಆಮೇಲೆ?"

"ಆಮೇಲೆ ಇಸ್ತ್ರಿ ಹಬೆ ಇದ್ದೇ ಇದೆ. ಬರ್ತೀಯಾ?"

ಅವಳು ಕಣ್ಣೊರೆಸಿಕೊಂಡಳು.

"ಬರ್ತೀನಿ. ಫೋಟೋ ಮಾತ್ರ ಬೇಡ."